ಆಟದ ಕಾರ್ಡಿನಲ್ಲಿ ಉಳಿದ ಹಣ ಯಾರದು?

ಕರಾವಳಿಯ ಜಾತ್ರೆ ಗದ್ದೆಗಳಲ್ಲಿ ಹಣ ಕೈ ಬದಲಾಗುವ ಬಗೆ ಕಳೆದ ಹತ್ತು ವರ್ಷಗಳಲ್ಲಿ ಗುರುತು ಸಿಗದಷ್ಟು ಬದಲಾಗಿದೆ. ಮಂದಾರ್ತಿಯ ಜಾತ್ರೆಗೆ ಹೋಗಿ, ಕೋಟೇಶ್ವರದ ಕೊಡಿ ಹಬ್ಬಕ್ಕೆ ಹೋಗಿ. ನಮ್ಮವರು ತೊಟ್ಟಿಲು ಎಂದು ಕರೆಯುವ ಜೈಂಟ್ ವ್ಹೀಲ್‌ನ ಟಿಕೆಟ್ ಮೇಜಿನ ಮೇಲೆ ಪ್ಲಾಸ್ಟಿಕ್ ಹೊದಿಸಿದ ಒಂದು ಕ್ಯೂಆರ್ ಕೋಡ್ ಇದ್ದೇ ಇರುತ್ತದೆ. ಬಲೂನಿಗೆ ಗುರಿಯಿಡುವ ಬಂದೂಕಿನ ಅಂಗಡಿ, ರಿಂಗ್ ಎಸೆಯುವ ಆಟ, ಕಬ್ಬಿನ ಹಾಲು, ಚುರುಮುರಿ ಎಲ್ಲದಕ್ಕೂ ಅದೇ ಕಪ್ಪು ಬಿಳುಪಿನ ಚೌಕ. ಹಣ ಬಂದಿತೆಂದು ಪುಟ್ಟ ಪೆಟ್ಟಿಗೆಯೊಂದು ಗಟ್ಟಿಯಾಗಿ ಕೂಗಿ ಹೇಳುತ್ತದೆ. ತಿರುಗುವ ತೊಟ್ಟಿಲಿನ ಮೇಲೆ ಕಣ್ಣಿಟ್ಟಿರುವ ಮಾಲೀಕ ತಲೆ ತಿರುಗಿಸಿ ನೋಡಬೇಕಾದ ಅಗತ್ಯವೂ ಇಲ್ಲ.

ಇದೇ ಅವಧಿಯಲ್ಲಿ ನಗರಗಳ ಮಾಲ್‌ಗಳಲ್ಲಿರುವ ಆಟದ ಕೇಂದ್ರಗಳು, ಅಂದರೆ ಗೇಮ್ ಝೋನ್‌ಗಳು, ಇನ್ನೊಂದು ದಾರಿ ಹಿಡಿದಿವೆ. ಅಲ್ಲಿ ಆಟದ ಯಂತ್ರಕ್ಕೆ ನಾಣ್ಯ ಹಾಕುವ ಪದ್ಧತಿ ಬಹುತೇಕ ಮುಗಿದಿದೆ. ಮೊದಲು ಒಂದು ಕಾರ್ಡ್ ಕೊಳ್ಳಬೇಕು, ಅದಕ್ಕೆ ಹಣ ತುಂಬಿಸಬೇಕು, ಆಮೇಲೆ ಪ್ರತಿ ಯಂತ್ರಕ್ಕೂ ಆ ಕಾರ್ಡನ್ನು ತೋರಿಸಬೇಕು. ಹಣ ತುಂಬಿಸುವ ಕೆಲಸವನ್ನೂ ಗ್ರಾಹಕನೇ ಮಾಡಿಕೊಳ್ಳಲೆಂದು ಸ್ವಯಂಸೇವಾ ಯಂತ್ರಗಳನ್ನು ನಿಲ್ಲಿಸಲಾಗಿದೆ. ಗೋಡೆಯ ಮೇಲೆ ರೂಪಾಯಿಯ ಲೆಕ್ಕ ಕಾಣುವುದಿಲ್ಲ. ಪಾಯಿಂಟ್, ಕ್ರೆಡಿಟ್, ಬೋನಸ್ ಎಂಬ ಬೇರೆಯೇ ನಾಣ್ಯ ಚಲಾವಣೆಯಲ್ಲಿರುತ್ತದೆ.

ಎರಡನ್ನೂ ನಾವು ‘ನಗದುರಹಿತ ವ್ಯವಸ್ಥೆ’ ಎಂಬ ಒಂದೇ ಹೆಸರಿನಿಂದ ಕರೆಯುತ್ತೇವೆ; ಎರಡನ್ನೂ ಆಧುನೀಕರಣವೆಂದು ಬಗೆದು ಸ್ವಾಗತಿಸುತ್ತೇವೆ. ಆದರೆ ಇವೆರಡೂ ಒಂದೇ ಅಲ್ಲ. ಜಾತ್ರೆಯ ಕ್ಯೂಆರ್ ಕೋಡ್‌ನಲ್ಲಿ ಹಣವು ಗ್ರಾಹಕನ ಖಾತೆಯಿಂದ ನೇರವಾಗಿ ತೊಟ್ಟಿಲಿನವನ ಖಾತೆಗೆ ಹೋಗುತ್ತದೆ; ಆಡಿದಷ್ಟಕ್ಕೇ ಪಾವತಿ. ಮಾಲ್‌ನ ಕಾರ್ಡಿನಲ್ಲಿ ಹಣವು ಆಟಕ್ಕೆ ಮೊದಲೇ ಮಾಲೀಕನ ಕೈ ಸೇರಿರುತ್ತದೆ. ಆಡದೆ ಉಳಿದುದು ಅಲ್ಲಿಯೇ ಉಳಿಯುತ್ತದೆ. ಮೊದಲನೆಯದು ಪಾವತಿ, ಎರಡನೆಯದು ಮುಂಗಡ ಠೇವಣಿ. ಯಂತ್ರಗಳ ಹೊಳಪಿನಲ್ಲಿ ಮರೆಯಾಗುವ ಈ ವ್ಯತ್ಯಾಸವೇ ನನ್ನ ದೃಷ್ಟಿಯಲ್ಲಿ ಇಂದು ಚರ್ಚೆಯಾಗಬೇಕಾದ ವಿಷಯ.

ಮೊದಲಿಗೆ ಜಾತ್ರೆಯ ಕಥೆಯನ್ನು ನೋಡೋಣ. 2016ರ ನವೆಂಬರ್ 8ರಂದು 500 ಮತ್ತು 1000 ರೂಪಾಯಿಗಳ ನೋಟುಗಳು ರದ್ದಾದವು. ದೀಪಾವಳಿ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಕಟ್ಟುವ, ರಥೋತ್ಸವಗಳ ಸರಣಿ ಆರಂಭವಾಗುವ ಕಾಲ ಅದು. ಪತ್ತನಾಜೆಯವರೆಗಿನ ಆರು ತಿಂಗಳ ದುಡಿಮೆಯಿಂದ ವರ್ಷವಿಡೀ ಬದುಕಬೇಕಾದ ಸಂತೆ ವ್ಯಾಪಾರಿಗಳಿಗೆ ಅದು ದೊಡ್ಡ ಹೊಡೆತ. ಅದೇ ವರ್ಷ ಆರಂಭವಾಗಿದ್ದ ಯುಪಿಐ ಆಗ ಅವರ ನೆರವಿಗೆ ಬರುವಷ್ಟು ಬೆಳೆದಿರಲಿಲ್ಲ. ನಿಜವಾದ ತಿರುವು ಬಂದದ್ದು ಆಮೇಲೆ. 2020ರ ಜನವರಿ 1ರಿಂದ ಯುಪಿಐ ಪಾವತಿಗೆ ವರ್ತಕರಿಂದ ಶುಲ್ಕ ವಸೂಲು ಮಾಡುವಂತಿಲ್ಲ ಎಂದಾಯಿತು. ಬೆನ್ನಿಗೇ ಬಂದ ಕೋವಿಡ್ ಎರಡು ಜಾತ್ರೆ ಋತುಗಳನ್ನು ನುಂಗಿತು. ಜನ ಮತ್ತೆ ಗದ್ದೆಗೆ ಬಂದಾಗ ಅವರ ಕೈಯಲ್ಲಿ ಪರ್ಸಿನ ಬದಲು ಮೊಬೈಲ್ ಇತ್ತು. 2025ರ ಆಗಸ್ಟ್‌ನಲ್ಲಿ ದೇಶದಲ್ಲಿ ನಡೆದ ಯುಪಿಐ ವ್ಯವಹಾರಗಳ ಸಂಖ್ಯೆ ಒಂದೇ ತಿಂಗಳಿನಲ್ಲಿ ಎರಡು ಸಾವಿರ ಕೋಟಿಯನ್ನು ದಾಟಿತು.

ಸೀತಾನದಿಯ ಆಸುಪಾಸಿನ ಕೊಕ್ಕರ್ಣೆಯಂತಹ ಊರಿನವನಾದ ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣುವುದಿಲ್ಲ. ಚಿಲ್ಲರೆ ಹಣವನ್ನು ಬ್ಯಾಂಕಿನ ಲೆಕ್ಕಕ್ಕೆ ತರುವ ವಿದ್ಯೆಯನ್ನು ದೇಶಕ್ಕೆ ಕಲಿಸಿದ್ದು ಇದೇ ಜಿಲ್ಲೆ. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಅವರು ಸ್ಥಾಪಿಸಿದ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆ ಬ್ಯಾಂಕು 1928ರಲ್ಲಿ ಆರಂಭಿಸಿದ ಪಿಗ್ಮಿ ಯೋಜನೆಯಲ್ಲಿ ಬ್ಯಾಂಕಿನ ಪ್ರತಿನಿಧಿ ದಿನವೂ ಅಂಗಡಿಯ ಬಾಗಿಲಿಗೇ ಬಂದು ಎರಡಾಣೆಯನ್ನೂ ಕೇಳಿ ಪಡೆಯುತ್ತಿದ್ದ. ಬ್ಯಾಂಕಿನ ಮೆಟ್ಟಿಲು ಹತ್ತಲು ಹಿಂಜರಿಯುವವನ ಬಳಿಗೆ ಬ್ಯಾಂಕೇ ನಡೆದುಹೋಗಬೇಕು ಎಂಬುದು ಅದರ ತಿರುಳು. ಪ್ಲಾಸ್ಟಿಕ್ ಹೊದಿಸಿದ ಕ್ಯೂಆರ್ ಕೋಡ್ ಆ ತತ್ವದ ಮುಂದುವರಿಕೆ. ದುಬಾರಿ ಯಂತ್ರವಿಲ್ಲದೆ, ಮಾಲೀಕ ಇದ್ದಲ್ಲಿಗೇ ಬಂದ ವ್ಯವಸ್ಥೆ ಅದು.

ಹಾಗೆಂದು ಜಾತ್ರೆಯ ವ್ಯವಸ್ಥೆಯಲ್ಲಿ ತೊಡಕುಗಳಿಲ್ಲ ಎಂದೇನೂ ಅಲ್ಲ. ರಥ ಎಳೆಯುವ ಹೊತ್ತಿಗೆ ಸಾವಿರಾರು ಜನ ಒಂದೇ ಗದ್ದೆಯಲ್ಲಿ ಸೇರಿದಾಗ ಮೊಬೈಲ್ ಸಿಗ್ನಲ್ ಕುಸಿಯುತ್ತದೆ. 2025ರ ಮಾರ್ಚ್ 26 ಮತ್ತು ಏಪ್ರಿಲ್ 12ರಂದು ಯುಪಿಐ ವ್ಯವಸ್ಥೆಯೇ ದೇಶದಾದ್ಯಂತ ಗಂಟೆಗಟ್ಟಲೆ ಅಸ್ತವ್ಯಸ್ತವಾಗಿತ್ತು. ಇದಕ್ಕೆ ಭಾಗಶಃ ಪರಿಹಾರಗಳು ಬಂದಿವೆ. 2022ರಲ್ಲಿ ಬಂದ ‘ಯುಪಿಐ ಲೈಟ್’ನಲ್ಲಿ ಸಣ್ಣ ಮೊತ್ತಕ್ಕೆ ಪಿನ್ ಬೇಡ, ಪ್ರತಿ ಪಾವತಿಗೂ ಬ್ಯಾಂಕಿನ ಮುಖ್ಯ ಸರ್ವರನ್ನು ಕೇಳಬೇಕಾದ ಅಗತ್ಯವೂ ಇಲ್ಲ. ಅದೇ ವರ್ಷ ಬಂದ ‘ಯುಪಿಐ 123ಪೇ’ ಸ್ಮಾರ್ಟ್‌ಫೋನ್ ಇಲ್ಲದವರಿಗೂ ದಾರಿ ತೆರೆಯಿತು. 2024ರಲ್ಲಿ ಬಂದ ‘ಯುಪಿಐ ಸರ್ಕಲ್’ನಲ್ಲಿ ಮನೆಯ ಒಬ್ಬರ ಖಾತೆಯಿಂದ ಇನ್ನೊಬ್ಬರು ನಿಗದಿತ ಮಿತಿಯೊಳಗೆ ಪಾವತಿ ಮಾಡಬಹುದು. ಜಾತ್ರೆಗೆ ಗೆಳೆಯರೊಂದಿಗೆ ಹೊರಟ ಕಾಲೇಜು ಹುಡುಗನ ಕೈಗೆ ನೂರರ ನೋಟು ಇಡುತ್ತಿದ್ದ ತಂದೆಗೆ ಇದು ಅದರ ಹೊಸ ರೂಪ. ಇವೆಲ್ಲದರ ಗುಣವೆಂದರೆ ಹಣ ಕೊನೆಯವರೆಗೂ ಗ್ರಾಹಕನ ಹೆಸರಿನಲ್ಲಿಯೇ ಇರುವುದು.

ಈಗ ಮಾಲ್‌ನ ಕಾರ್ಡಿಗೆ ಬರೋಣ. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಿ. ಒಂದು ಕುಟುಂಬ 500 ರೂಪಾಯಿ ತುಂಬಿಸುತ್ತದೆ. ಪ್ರತಿ ಆಟಕ್ಕೆ 70 ರೂಪಾಯಿ. ಏಳು ಆಟವಾದಾಗ 490 ಮುಗಿದು 10 ರೂಪಾಯಿ ಉಳಿಯುತ್ತದೆ. ಆ ಹತ್ತಕ್ಕೆ ಯಾವ ಆಟವೂ ಸಿಗದು. ಇನ್ನೊಂದು ಆಟ ಬೇಕೆಂದು ಮಗು ಹಟ ಹಿಡಿದರೆ ಮತ್ತೆ ಹಣ ತುಂಬಿಸಬೇಕು. ತುಂಬಿಸಲು ಕನಿಷ್ಠ ಮೊತ್ತವನ್ನೂ ನಿಗದಿಪಡಿಸಿರುತ್ತಾರೆ. ಮತ್ತೆ ಒಂದಿಷ್ಟು ಉಳಿಯುತ್ತದೆ. ದಿನಕ್ಕೆ 200 ಕುಟುಂಬಗಳು ತಲಾ ಹತ್ತೇ ರೂಪಾಯಿ ಬಿಟ್ಟುಹೋದರೂ ವರ್ಷಕ್ಕೆ ಏಳು ಲಕ್ಷ ರೂಪಾಯಿ ದಾಟುತ್ತದೆ. ಆಟವಾಡಿಸದೆ, ವಿದ್ಯುತ್ ಖರ್ಚಿಲ್ಲದೆ ಬಂದ ಆದಾಯ ಅದು. ಮುಂಗಡ ಕಾರ್ಡುಗಳ ವ್ಯವಹಾರದಲ್ಲಿ ಹೀಗೆ ಬಳಸದೆ ಉಳಿಯುವ ಮೊತ್ತ ಆಕಸ್ಮಿಕವಲ್ಲ; ಲಾಭದ ಲೆಕ್ಕದಲ್ಲಿ ಮೊದಲೇ ಹಿಡಿದಿಡುವ ಬಾಬತ್ತು. ನನ್ನ ಮೇಜಿನ ಸೆಳೆಖಾನೆಯಲ್ಲಿಯೂ ಅಂತಹ ಎರಡು ಮೂರು ಕಾರ್ಡುಗಳಿವೆ. ಪ್ರಾಯಶಃ ಈ ಲೇಖನ ಓದುತ್ತಿರುವ ಅನೇಕರ ಮನೆಯಲ್ಲಿಯೂ ಇರಬಹುದು.

ಹಣವನ್ನು ಕಣ್ಣಿನಿಂದ ಮರೆಮಾಡಿದಷ್ಟೂ ಖರ್ಚು ಹೆಚ್ಚುತ್ತದೆ ಎಂಬುದನ್ನು ಸಂಶೋಧಕರು ಬಹಳ ಹಿಂದೆಯೇ ತೋರಿಸಿಕೊಟ್ಟಿದ್ದಾರೆ. ಅಮೆರಿಕದ ಎಂಐಟಿಯ ಡ್ರೇಜನ್ ಪ್ರೆಲೆಕ್ ಮತ್ತು ಡಂಕನ್ ಸಿಮೆಸ್ಟರ್ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಪಂದ್ಯದ ಟಿಕೆಟಿಗೆ ಕಾರ್ಡಿನಲ್ಲಿ ಕೊಡಬಹುದೆಂದು ತಿಳಿದವರು ನಗದು ಕೊಡಬೇಕಾದವರಿಗಿಂತ ಬಹಳ ಹೆಚ್ಚು, ಕೆಲವೆಡೆ ಇಮ್ಮಡಿಯವರೆಗೆ, ಬೆಲೆ ಕಟ್ಟಿದರು. ರೂಪಾಯಿಯನ್ನು ಪಾಯಿಂಟ್ ಆಗಿಸಿದಾಗ ಆ ಮರೆ ಇನ್ನಷ್ಟು ದಪ್ಪವಾಗುತ್ತದೆ. ಒಂದು ಆಟಕ್ಕೆ 14 ಪಾಯಿಂಟ್ ಎಂದರೆ ಎಷ್ಟು ರೂಪಾಯಿ ಎಂದು ಅಲ್ಲಿಯೇ ನಿಂತು ಭಾಗಿಸಿ ನೋಡುವ ತಂದೆತಾಯಿಯರು ಎಷ್ಟು ಮಂದಿ? ಮಕ್ಕಳಂತೂ ನೋಡುವುದೇ ಇಲ್ಲ. ಯುಪಿಐಯಲ್ಲಿಯೂ ನೋಟಿನ ಭಾರ ಕೈಗೆ ತಗಲುವುದಿಲ್ಲ ನಿಜ. ಆದರೆ ಪ್ರತಿ ಸಲವೂ ಮೊತ್ತ ರೂಪಾಯಿಯಲ್ಲಿಯೇ ಕಣ್ಣಿಗೆ ಬೀಳುತ್ತದೆ.

ಕಾನೂನು ಇಲ್ಲಿ ಏನು ಹೇಳುತ್ತದೆ? ರಿಸರ್ವ್ ಬ್ಯಾಂಕ್ 2021ರ ಆಗಸ್ಟ್ 27ರಂದು ಮುಂಗಡ ಪಾವತಿ ಸಾಧನಗಳ ಕುರಿತು ಸಮಗ್ರ ನಿರ್ದೇಶನ ಹೊರಡಿಸಿತು. ಹಲವು ಕಡೆ ಬಳಸಬಹುದಾದ ವ್ಯಾಲೆಟ್ ಮತ್ತು ಕಾರ್ಡುಗಳಿಗೆ ಅದು ಕಟ್ಟುನಿಟ್ಟಿನ ನಿಯಮಗಳನ್ನು ವಿಧಿಸಿದೆ. ಕೊನೆಯ ಬಾರಿ ಹಣ ತುಂಬಿಸಿದ ದಿನದಿಂದ ಕನಿಷ್ಠ ಒಂದು ವರ್ಷ ಅವು ಚಾಲ್ತಿಯಲ್ಲಿರಬೇಕು. ಅವಧಿ ಮುಗಿಯುವ ಮುನ್ನ ಗ್ರಾಹಕನನ್ನು ಎಚ್ಚರಿಸಬೇಕು. ಆದರೆ ಕೊಟ್ಟ ಸಂಸ್ಥೆಯಲ್ಲಿ ಮಾತ್ರ ಬಳಸಬಹುದಾದ ಕಾರ್ಡುಗಳನ್ನು ಪಾವತಿ ವ್ಯವಸ್ಥೆಯೆಂದು ಪರಿಗಣಿಸಿಲ್ಲ. ಅವುಗಳಿಗೆ ರಿಸರ್ವ್ ಬ್ಯಾಂಕಿನ ಅನುಮತಿಯ ಅಗತ್ಯವೂ ಇಲ್ಲ. ಮಾಲ್‌ನ ಆಟದ ಕಾರ್ಡು ಈ ವರ್ಗಕ್ಕೆ ಸೇರುತ್ತದೆ. ಅದರ ಅವಧಿ ಎಷ್ಟು, ಉಳಿದ ಹಣ ಹಿಂದಿರುಗುತ್ತದೆಯೇ ಎಂಬುದೆಲ್ಲ ಕಾರ್ಡಿನ ಹಿಂಬದಿಯ ಸಣ್ಣ ಅಕ್ಷರಗಳಿಗೆ ಬಿಟ್ಟದ್ದು.

ಇದನ್ನು ಬ್ಯಾಂಕ್ ಠೇವಣಿಯೊಂದಿಗೆ ಹೋಲಿಸಿ ನೋಡಿದರೆ ವಿಪರ್ಯಾಸ ಅರ್ಥವಾಗುತ್ತದೆ. ಬ್ಯಾಂಕಿನಲ್ಲಿ ಹತ್ತು ವರ್ಷ ಯಾರೂ ಕೇಳದೆ ಉಳಿದ ಹಣ ಬ್ಯಾಂಕಿನ ಲಾಭವಾಗುವುದಿಲ್ಲ. ಅದು ರಿಸರ್ವ್ ಬ್ಯಾಂಕ್ 2014ರಲ್ಲಿ ಸ್ಥಾಪಿಸಿದ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿಗೆ ಹೋಗುತ್ತದೆ. ಆ ಬಳಿಕವೂ ಠೇವಣಿದಾರ ಅಥವಾ ಆತನ ವಾರಸುದಾರ ಬಂದು ಕೇಳಿದರೆ ಹಣ ಕೊಡಲೇಬೇಕು. ಅಜ್ಜಿ ಮರೆತ ಪಾಸ್‌ಬುಕ್ಕಿನ ನೂರು ರೂಪಾಯಿಗೆ ಇಷ್ಟು ರಕ್ಷಣೆ ಇರುವಾಗ, ಮೊಮ್ಮಗನ ಆಟದ ಕಾರ್ಡಿನ ನೂರು ರೂಪಾಯಿ ಕೆಲವೇ ತಿಂಗಳುಗಳಲ್ಲಿ ಕಣ್ಮರೆಯಾಗುವುದು ಯಾವ ನ್ಯಾಯ? ಮೊತ್ತ ಸಣ್ಣದು, ಯಾರೂ ಗ್ರಾಹಕರ ಆಯೋಗದ ಮೆಟ್ಟಿಲು ಹತ್ತುವುದಿಲ್ಲ ಎಂಬ ನಂಬಿಕೆಯೇ ಈ ವ್ಯವಸ್ಥೆಯ ಬಂಡವಾಳ. 2019ರ ಗ್ರಾಹಕರ ರಕ್ಷಣಾ ಕಾಯಿದೆ ‘ಅನ್ಯಾಯದ ಒಪ್ಪಂದ’ ಎಂಬ ಪರಿಕಲ್ಪನೆಯನ್ನು ಒಳಗೊಂಡಿದೆ. ಅದರ ಬೆಳಕಿನಲ್ಲಿ ಈ ಕಾರ್ಡುಗಳ ಷರತ್ತುಗಳನ್ನು ಪರಿಶೀಲಿಸುವ ಕೆಲಸವನ್ನು ಸರ್ಕಾರವೇ ಕೈಗೆತ್ತಿಕೊಳ್ಳಬೇಕು. ಒಬ್ಬೊಬ್ಬ ಗ್ರಾಹಕ ಹತ್ತು ರೂಪಾಯಿಗಾಗಿ ಹೋರಾಡಲಿ ಎಂದು ನಿರೀಕ್ಷಿಸುವುದು ಸಾಧುವಲ್ಲ.

ಸ್ವಯಂಸೇವೆಯ ಪ್ರಶ್ನೆಯನ್ನೂ ಇದೇ ತಕ್ಕಡಿಯಲ್ಲಿಟ್ಟು ತೂಗಬೇಕು. ಕನ್ನಡಿಗರಿಗೆ ಸ್ವಯಂಸೇವೆ ಹೊಸದಲ್ಲ. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ದರ್ಶಿನಿಗಳು ಬಂದಾಗ ಅವುಗಳ ಗುಟ್ಟೇ ಅದಾಗಿತ್ತು. ಮೊದಲು ದುಡ್ಡು ಕೊಟ್ಟು ಚೀಟಿ ಪಡೆಯುವುದು, ತಿಂಡಿಯನ್ನು ತಾವೇ ತೆಗೆದುಕೊಳ್ಳುವುದು, ನಿಂತು ತಿನ್ನುವುದು. ಗ್ರಾಹಕ ಮಾಣಿಯ ಕೆಲಸದಲ್ಲಿ ಒಂದು ಪಾಲನ್ನು ತಾನೇ ಮಾಡಿದ. ಪ್ರತಿಯಾಗಿ ಇಡ್ಲಿ, ಕಾಫಿ ಅಗ್ಗದಲ್ಲಿ ಬಿಸಿಬಿಸಿಯಾಗಿ ಸಿಕ್ಕಿತು. ಚೀಟಿಯ ಹಣ ಮುಂಗಡವೇ ಆದರೂ ಎರಡು ನಿಮಿಷದಲ್ಲಿ ತಿಂಡಿಯಾಗಿ ತಟ್ಟೆಗೆ ಬರುತ್ತಿತ್ತು. ಮಾಲ್‌ನ ಸ್ವಯಂಸೇವಾ ಯಂತ್ರದ ಮುಂದೆ ನಿಂತು ನಾವು ಟಿಕೆಟ್ ಗುಮಾಸ್ತನ ಕೆಲಸವನ್ನು ಪೂರ್ತಿಯಾಗಿ ಮಾಡುತ್ತೇವೆ. ಅದಕ್ಕೆ ಪ್ರತಿಯಾಗಿ ದರ ಇಳಿಯಿತೇ? ಎಷ್ಟೋ ಕಡೆ ಆ ಪ್ಲಾಸ್ಟಿಕ್ ಕಾರ್ಡಿಗೂ ಪ್ರತ್ಯೇಕ ಶುಲ್ಕ ತೆರುತ್ತೇವೆ. ಕೆಲಸ ಗ್ರಾಹಕನಿಗೆ, ಉಳಿತಾಯ ಮಾಲೀಕನಿಗೆ ಎಂಬುದು ಸ್ವಯಂಸೇವೆ ಎನಿಸಲಾರದು.

ಮನುಷ್ಯನನ್ನು ಪೂರ್ತಿಯಾಗಿ ತೆಗೆದುಹಾಕಿದ ವ್ಯವಸ್ಥೆಗಳು ವ್ಯಾಪಾರದ ದೃಷ್ಟಿಯಿಂದಲೂ ಯಶಸ್ವಿಯಾಗಿವೆ ಎನ್ನುವಂತಿಲ್ಲ. ಇಂಗ್ಲೆಂಡಿನ ಬೂತ್ಸ್ ಎಂಬ ಸೂಪರ್ ಮಾರ್ಕೆಟ್ ಸಮೂಹ 2023ರಲ್ಲಿ ತನ್ನ ಬಹುತೇಕ ಮಳಿಗೆಗಳಿಂದ ಸ್ವಯಂಪಾವತಿ ಯಂತ್ರಗಳನ್ನು ತೆಗೆದು ಕೌಂಟರುಗಳಿಗೆ ಜನರನ್ನು ಮರಳಿ ಕೂರಿಸಲು ತೀರ್ಮಾನಿಸಿತು. ಆಟದ ಕೇಂದ್ರದಲ್ಲಿ ಮನುಷ್ಯನ ಅಗತ್ಯ ಇನ್ನೂ ಹೆಚ್ಚು. ಯಂತ್ರ ಹಣ ನುಂಗಿ ಆಟ ಕೊಡದಿದ್ದಾಗ, ಮಗು ಹೆದರಿ ಅತ್ತಾಗ, ಪಟ್ಟಿ ಸರಿಯಾಗಿ ಬಿಗಿಯದಿದ್ದಾಗ ಬೇಕಾಗುವುದು ಪರದೆಯಲ್ಲ. ಟಿಕೆಟ್ ಹರಿಯುವ ಕೆಲಸದಿಂದ ಬಿಡುವಾದ ಹುಡುಗನನ್ನು ಮನೆಗೆ ಕಳುಹಿಸದೆ ಸುರಕ್ಷತೆಯ ಕೆಲಸಕ್ಕೆ ನಿಲ್ಲಿಸಿದರೆ ಮಾತ್ರ ಆ ಆಧುನೀಕರಣಕ್ಕೆ ಅರ್ಥ.

ಕೆಲಸಗಾರರ ಮಾತು ಬಂದಾಗ ಪಿಗ್ಮಿಯ ಇನ್ನೊಂದು ಪಾಠವನ್ನೂ ನೆನೆಯಬೇಕು. ಬೀದಿ ಬೀದಿ ಅಲೆದು ಠೇವಣಿ ಸಂಗ್ರಹಿಸುತ್ತಿದ್ದವರು ತಮ್ಮ ನೌಕರರಲ್ಲ, ಬರಿಯ ಕಮಿಷನ್ ಏಜೆಂಟರು ಎಂಬುದು ಬ್ಯಾಂಕುಗಳ ದೀರ್ಘಕಾಲದ ವಾದವಾಗಿತ್ತು. ಆ ವಿವಾದ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2001ರಲ್ಲಿ ನ್ಯಾಯಾಲಯವು ಅವರು ಕೈಗಾರಿಕಾ ವಿವಾದ ಕಾಯಿದೆಯ ಅರ್ಥದಲ್ಲಿ ಕಾರ್ಮಿಕರೇ ಎಂದು ತೀರ್ಪಿತ್ತಿತು. ಹೊಸ ವ್ಯವಸ್ಥೆಯೊಂದು ಹಣವನ್ನು ಎಷ್ಟು ಚೆನ್ನಾಗಿ ಎಣಿಸುತ್ತದೆ ಎಂಬುದರ ಜೊತೆಗೆ, ಅದನ್ನು ನಡೆಸುವವರನ್ನು ಲೆಕ್ಕಕ್ಕೆ ಹಿಡಿಯುತ್ತದೆಯೇ ಎಂಬ ಪ್ರಶ್ನೆಯೂ ಹಳೆಯದೇ.

ಸುರಕ್ಷತೆಯ ಮಾತು ಕೇವಲ ಉಪದೇಶವಲ್ಲ. 2024ರ ಮೇ 25ರಂದು ಗುಜರಾತಿನ ರಾಜ್‌ಕೋಟ್‌ನ ಟಿಆರ್‌ಪಿ ಗೇಮ್ ಝೋನ್‌ನಲ್ಲಿ ಬೆಂಕಿ ಬಿದ್ದು ಮಕ್ಕಳೂ ಸೇರಿ 27 ಮಂದಿ ಸತ್ತರು. ಆ ಕೇಂದ್ರಕ್ಕೆ ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರವೇ ಇರಲಿಲ್ಲ. ಗುಜರಾತ್ ಹೈಕೋರ್ಟ್ ಇದನ್ನು ಮೇಲ್ನೋಟಕ್ಕೆ ಮಾನವ ನಿರ್ಮಿತ ದುರಂತವೆಂದು ಕರೆಯಿತು. ರಜೆಯ ದಿನ, ರಿಯಾಯಿತಿ ದರದ ಟಿಕೆಟ್, ತುಂಬಿದ ಜನ. ಇಂತಹ ಕೇಂದ್ರಗಳು ನಮ್ಮ ಜಿಲ್ಲಾ ಕೇಂದ್ರಗಳಲ್ಲಿಯೂ ತಾಲ್ಲೂಕು ಪಟ್ಟಣಗಳಲ್ಲಿಯೂ ತಲೆಯೆತ್ತುತ್ತಿರುವಾಗ ಆ ದಿನವನ್ನು ಮರೆಯುವಂತಿಲ್ಲ.

ವಿಚಿತ್ರವೆಂದರೆ, ಈ ವಿಷಯದಲ್ಲಿ ನಗದುರಹಿತ ವ್ಯವಸ್ಥೆ ನಿಜಕ್ಕೂ ಉಪಕಾರಿಯಾಗಬಲ್ಲುದು. ಪ್ರತಿ ಪ್ರವೇಶವೂ ದಾಖಲಾಗುವ ಕೇಂದ್ರದಲ್ಲಿ ಈ ಕ್ಷಣ ಎಷ್ಟು ಮಂದಿ ಒಳಗಿದ್ದಾರೆ ಎಂಬುದನ್ನು ಹೇಳುವುದು ಕಷ್ಟವೇನಲ್ಲ. ಹೊರಹೋಗುವ ದಾರಿಯಲ್ಲಿಯೂ ಒಂದು ದಾಖಲೆ ಇದ್ದರೆ ಸಾಕು. ಯಾವ ಯಂತ್ರ ಗಂಟೆಗೆ ಎಷ್ಟು ಗಳಿಸಿತು ಎಂಬುದನ್ನು ಮಾಲೀಕನ ಮೊಬೈಲಿಗೆ ಕಳುಹಿಸುವ ತಂತ್ರಾಂಶ, ಅನುಮತಿಸಿದ ಸಂಖ್ಯೆ ಮೀರಿದೊಡನೆ ಟಿಕೆಟ್ ಮಾರಾಟವನ್ನು ತಾನೇ ನಿಲ್ಲಿಸಬಾರದೇಕೆ? ಜಿಲ್ಲಾಡಳಿತವು ಅನುಮತಿ ಕೊಡುವಾಗಲೇ ಈ ಷರತ್ತನ್ನು ಹಾಕಬಹುದು. ಎಣಿಸುವ ಸಾಮರ್ಥ್ಯ ಇದ್ದೂ ಹಣವನ್ನು ಮಾತ್ರ ಎಣಿಸಿ ಜನರನ್ನು ಎಣಿಸದಿರುವುದು ಆಯ್ಕೆಯ ಪ್ರಶ್ನೆ, ತಂತ್ರಜ್ಞಾನದ ಪ್ರಶ್ನೆಯಲ್ಲ.

ಮತ್ತೆ ಜಾತ್ರೆಯ ತೊಟ್ಟಿಲಿನವನ ಬಳಿಗೆ ಹೋಗೋಣ. ಆತನಿಗೆ ಎದುರಾದ ಅಪಾಯ ಬೇರೆ ದಿಕ್ಕಿನಿಂದ ಬಂದಿದೆ. 2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಮೂಲಕ ಬಂದ ಹಣದ ವಿವರಗಳನ್ನು ಆಧರಿಸಿ ಸಾವಿರಾರು ಸಣ್ಣ ವರ್ತಕರಿಗೆ ಜಿಎಸ್‌ಟಿ ನೋಟಿಸ್ ಕಳುಹಿಸಿತು. 2021-22ರಿಂದ ಮೊದಲ್ಗೊಂಡು ನಾಲ್ಕು ವರ್ಷಗಳ ಲೆಕ್ಕ. ಬೇಕರಿ, ತರಕಾರಿ, ಹಾಲಿನ ಅಂಗಡಿಗಳವರೂ ಅದರಲ್ಲಿದ್ದರು. ಬೆಂಗಳೂರಿನ ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಫಲಕಗಳು ಕಾಣಿಸಿಕೊಂಡವು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ವರ್ತಕರ ಸಭೆ ಕರೆದು, ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಬೇಕು ಎಂದು ಭರವಸೆಯಿತ್ತ ಬಳಿಕ ಉದ್ವೇಗ ತಗ್ಗಿತು.

ಆ ಪ್ರಕರಣ ಮುಗಿದಿರಬಹುದು, ಅದು ಬಿಟ್ಟುಹೋದ ಭಯ ಮುಗಿದಿಲ್ಲ. ಸರಕು ಮಾರುವವರಿಗೆ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟಿದರೆ, ಸೇವೆ ಒದಗಿಸುವವರಿಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಅಗತ್ಯ. ತೊಟ್ಟಿಲು ತಿರುಗಿಸುವುದು ಸೇವೆ. ವರ್ಷಕ್ಕೆ 120 ದಿನ ಜಾತ್ರೆ ಎಂದು ಹಿಡಿದರೆ ದಿನಕ್ಕೆ ಸುಮಾರು 16,700 ರೂಪಾಯಿ ಬಂದರೆ 20 ಲಕ್ಷದ ಗೆರೆ ದಾಟುತ್ತದೆ. ಅರವತ್ತನಾಲ್ಕು ಮಂದಿ ಕೂರುವ ತೊಟ್ಟಿಲು, ತಲೆಗೆ 50 ರೂಪಾಯಿ ಎಂದಿಟ್ಟುಕೊಳ್ಳಿ. ತುಂಬಿ ಐದಾರು ಸುತ್ತು ತಿರುಗಿದರೆ ಅಷ್ಟಾಯಿತು. ಆದರೆ ಅದು ಲಾಭವಲ್ಲ, ವಹಿವಾಟು. ಡೀಸೆಲ್, ಲಾರಿ ಬಾಡಿಗೆ, ಜಾಗದ ಏಲಂ, ಹತ್ತಾರು ಕೆಲಸಗಾರರ ಸಂಬಳ ಮತ್ತು ಊಟ ಎಲ್ಲವೂ ಅದರೊಳಗೇ. ಮಳೆಗಾಲದ ನಾಲ್ಕು ತಿಂಗಳು ತೊಟ್ಟಿಲು ಟಾರ್ಪಾಲಿನಡಿ ಮಲಗಿರುತ್ತದೆ.

ತೆರಿಗೆ ಕೊಡಬಾರದು ಎಂಬುದು ನನ್ನ ವಾದವಲ್ಲ. ಹಿಂದೆ 1958ರ ಕಾಯಿದೆಯಡಿ ರಾಜ್ಯದಲ್ಲಿ ಮನರಂಜನಾ ತೆರಿಗೆ ಇತ್ತು. 2017ರ ಜುಲೈ 1ರಂದು ಅದರ ಜಾಗಕ್ಕೆ ಜಿಎಸ್‌ಟಿ ಬಂತು. ಆಟದಿಂದ ಗಳಿಸಿದವನು ಸಮಾಜಕ್ಕೆ ಪಾಲು ಕೊಡುವುದು ನ್ಯಾಯ. ಸೇವೆ ಒದಗಿಸುವ ಸಣ್ಣವರಿಗೆಂದೇ ವಹಿವಾಟು 50 ಲಕ್ಷದವರೆಗೆ ಶೇ 6ರ ಸರಳ ರಾಜಿ ತೆರಿಗೆ ಪದ್ಧತಿ 2019ರಿಂದ ಇದೆ. ಆದರೆ ಜಾತ್ರೆಯಿಂದ ಜಾತ್ರೆಗೆ ಅಲೆಯುವ ಎಷ್ಟು ಮಂದಿಗೆ ಇದು ತಿಳಿದಿದೆ? ಕ್ಯೂಆರ್ ಕೋಡ್ ಅಂಟಿಸಲು ಹತ್ತು ಸಲ ಬಂದವರು ಈ ಪದ್ಧತಿಯನ್ನು ತಿಳಿಸಲು ಒಂದು ಸಲವೂ ಬರಲಿಲ್ಲ. ಪಾವತಿ ವ್ಯವಸ್ಥೆ ಅವನ ಬಾಗಿಲಿಗೆ ನಡೆದು ಬಂತು. ತೆರಿಗೆ ವ್ಯವಸ್ಥೆ ನೋಟಿಸಿನ ರೂಪದಲ್ಲಿ ಮಾತ್ರ ಬಂತು. ಪ್ರಾಮಾಣಿಕವಾಗಿ ಎಲ್ಲರ ಕಣ್ಣೆದುರು ಹಣ ಪಡೆದವನು ಸಿಕ್ಕಿಬಿದ್ದ, ನಗದಿನಲ್ಲಿ ಪಡೆದವನು ಪಾರಾದ ಎಂಬ ಭಾವನೆ ಬೇರೂರಿದರೆ ಹತ್ತು ವರ್ಷಗಳ ಸಾಧನೆ ಒಂದೇ ಋತುವಿನಲ್ಲಿ ಹಿಮ್ಮುಖವಾದೀತು.

ಶುಲ್ಕದ ಪ್ರಶ್ನೆಯೂ ಇದೆ. ವರ್ತಕನಿಗೆ ಯುಪಿಐ ಉಚಿತ ಎಂದರೆ ಅದಕ್ಕೆ ವೆಚ್ಚವಿಲ್ಲ ಎಂದಲ್ಲ. 2024-25ನೇ ಸಾಲಿಗೆ ಕೇಂದ್ರ ಸರ್ಕಾರ ಸಣ್ಣ ಮೊತ್ತದ ಪಾವತಿಗಳ ಪ್ರೋತ್ಸಾಹಕ್ಕೆಂದು ಸುಮಾರು 1,500 ಕೋಟಿ ರೂಪಾಯಿಯ ಯೋಜನೆಯನ್ನು ಒಪ್ಪಿತ್ತು. ಅಂದರೆ ಜಾತ್ರೆಯ ಕ್ಯೂಆರ್ ಕೋಡ್ ಸಾರ್ವಜನಿಕರ ಹಣದಿಂದ ನಿಂತ ಸೌಕರ್ಯ, ಊರ ರಸ್ತೆಯಂತೆ. ರಸ್ತೆಗೆ ಡಾಂಬರು ಹಾಕುವ ಖರ್ಚು ಸಮಾಜದ್ದು. ಅದರಲ್ಲಿ ಯಾರು ಬೇಕಾದರೂ ನಡೆಯಬಹುದು. ಮಾಲ್‌ನ ಕಾರ್ಡು ಖಾಸಗಿ ತೋಟದ ಗೇಟು. ಗೇಟು ಹಾಕುವುದು ತಪ್ಪಲ್ಲ. ಆದರೆ ಒಳಗೆ ಬಿಟ್ಟುಬಂದ ಚೀಲವನ್ನು ಕೇಳಿದಾಗ ಹಿಂದಿರುಗಿಸಬೇಕು.

ನಗದನ್ನೇ ಒಲ್ಲೆನೆನ್ನುವ ಪ್ರವೃತ್ತಿಯ ಬಗ್ಗೆಯೂ ಎಚ್ಚರ ಬೇಕು. ನಮ್ಮ ನೋಟುಗಳು ಕಾನೂನುಬದ್ಧ ಚಲಾವಣೆ ಎಂದು 1934ರ ರಿಸರ್ವ್ ಬ್ಯಾಂಕ್ ಕಾಯಿದೆ ಹೇಳುತ್ತದೆ. ಅಮೆರಿಕದ ಫಿಲಡೆಲ್ಫಿಯ 2019ರಲ್ಲಿ, ನ್ಯೂಯಾರ್ಕ್ ನಗರ 2020ರಲ್ಲಿ ಅಂಗಡಿಗಳು ನಗದನ್ನು ನಿರಾಕರಿಸದಂತೆ ಕಾನೂನು ಮಾಡಿದವು. ನಗದಿನ ಬಳಕೆ ತೀರಾ ಕಡಿಮೆಯಾದ ನಾರ್ವೆ ಕೂಡ 2024ರಲ್ಲಿ ನಗದು ಕೊಡುವ ಗ್ರಾಹಕನ ಹಕ್ಕನ್ನು ಬಲಪಡಿಸಿತು. ಮೊಮ್ಮಗಳ ಕೈ ಹಿಡಿದು ಬಂದ ಅಜ್ಜಿಯ ಸೆರಗಿನ ಗಂಟಿನಲ್ಲಿ ಐವತ್ತರ ನೋಟಿದ್ದರೆ ಅದು ಆಟಕ್ಕೆ ಸಾಲಬೇಕು. ಕೌಂಟರಿನಲ್ಲಿ ಒಂದು ಕಿಂಡಿಯನ್ನು ನಗದಿಗಾಗಿ ತೆರೆದಿಡುವುದರಿಂದ ಯಾವ ಆಧುನಿಕತೆಗೂ ಕುಂದಿಲ್ಲ.

ಹಾಗಾದರೆ ಆಗಬೇಕಾದುದೇನು? ಒಂದೇ ಸಂಸ್ಥೆಯಲ್ಲಿ ನಡೆಯುವ ಮುಂಗಡ ಕಾರ್ಡುಗಳಿಗೂ ಕನಿಷ್ಠ ಒಂದು ವರ್ಷದ ಚಾಲ್ತಿ, ಉಳಿದ ಹಣ ಕೇಳಿದಾಗ ಮರಳಿ ಕೊಡುವ ಬಾಧ್ಯತೆ, ದರವನ್ನು ರೂಪಾಯಿಯಲ್ಲಿಯೇ ಬರೆಯುವ ನಿಯಮ ಇವು ಬರಬೇಕು. ಯುಪಿಐ ಮೂಲಕ ಬಂದ ಹಣವನ್ನು ಅದೇ ದಾರಿಯಲ್ಲಿ ಹಿಂದಿರುಗಿಸುವುದು ತಾಂತ್ರಿಕವಾಗಿ ಕ್ಷಣದ ಕೆಲಸ. ಆಗದು ಎಂಬ ನೆಪಕ್ಕೆ ಆಸ್ಪದವಿಲ್ಲ. ಆಟದ ಕೇಂದ್ರಗಳ ಪರವಾನಗಿಯೊಂದಿಗೆ ಒಳಗಿರುವವರ ಎಣಿಕೆ ಮತ್ತು ಅಗ್ನಿ ಸುರಕ್ಷತೆಯನ್ನು ಜೋಡಿಸಬೇಕು. ಅಲೆಮಾರಿ ಜಾತ್ರೆ ವ್ಯಾಪಾರಿಗಳಿಗಾಗಿ ತೆರಿಗೆ ಇಲಾಖೆ ಋತು ಆರಂಭವಾಗುವ ಮೊದಲೇ ಕುಂದಾಪುರ, ಬೈಂದೂರು, ಬ್ರಹ್ಮಾವರದಂತಹ ತಾಲ್ಲೂಕು ಕೇಂದ್ರಗಳಲ್ಲಿ ಮಾಹಿತಿ ಶಿಬಿರ ನಡೆಸಿ, ಅಲ್ಲಿಯೇ ನೋಂದಣಿಯನ್ನೂ ಮಾಡಿಕೊಡಬೇಕು. ಇವುಗಳಲ್ಲಿ ಯಾವುದಕ್ಕೂ ಹೊಸ ತಂತ್ರಜ್ಞಾನ ಬೇಕಿಲ್ಲ.

ಜಾತ್ರೆ ಹಿಂದುಳಿದದ್ದು, ಮಾಲ್ ಮುಂದುವರಿದದ್ದು ಎಂಬ ನಮ್ಮ ಮಧ್ಯಮವರ್ಗದ ಗ್ರಹಿಕೆಯನ್ನು ಈ ಒಂದು ವಿಷಯದಲ್ಲಾದರೂ ತಿರುಗಿಸಿ ನೋಡಬೇಕಾಗಿದೆ. ಆಡಿದಷ್ಟಕ್ಕೆ ಹಣ, ಕಣ್ಣೆದುರು ಲೆಕ್ಕ, ನೋಟು ಕೊಟ್ಟರೂ ಸರಿ, ಮೊಬೈಲ್ ತೋರಿಸಿದರೂ ಸರಿ, ಪಕ್ಕದಲ್ಲಿ ಮಾತನಾಡಿಸಲು ಒಬ್ಬ ಮನುಷ್ಯ: ಗದ್ದೆಯ ಕೆಸರಿನಲ್ಲಿ ನಿಂತ ತೊಟ್ಟಿಲಿನವನು ಇಷ್ಟನ್ನೂ ಕೊಡುತ್ತಿದ್ದಾನೆ. ತೊಂಬತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಉಡುಪಿಯ ಪಿಗ್ಮಿ ಪ್ರತಿನಿಧಿ ಬರೆದುಕೊಂಡ ಎರಡಾಣೆ ಕಟ್ಟಿದವನದೇ ಆಗಿತ್ತು. ತಣ್ಣನೆಯ ಹವೆಯ ಮಾಲಿನಲ್ಲಿ ಹೊಳೆಯುವ ಕಾರ್ಡಿನೊಳಗೆ ಉಳಿದ ಹತ್ತು ರೂಪಾಯಿಯೂ ಕಟ್ಟಿದವನದೇ. ಅದನ್ನು ಕಾನೂನಿನಲ್ಲಿ ಹೇಳಿಬಿಡುವುದು ಮಾತ್ರ ಬಾಕಿ ಇದೆ.